ಎಣಿಕೆಗೆ ಸೇರದ ಟ್ಯೂಬು

ರೇಷ್ಮೆಗೂಡು ಬೇಯುವ ವಾಸನೆ ಬಂದರೆ ನಾನು ಈಗಲೂ ಎಣಿಸತೊಡಗುತ್ತೇನೆ. ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆ ಕೊಳ್ಳೇಗಾಲಕ್ಕೆ ಹೋಗಿದ್ದೆ. ಬಸ್ಸಿಳಿದು ಎರಡು ಬೀದಿ ದಾಟುವಷ್ಟರಲ್ಲಿ ಒಂದು ಸಂದಿಯ ಬಾಯಿಂದ ಅದು ಬಂತು. ಬೆಂದ ಹುಳ, ಬದಲಾಯಿಸದ ನೀರು, ಹಸಿ ಸೌದೆಯ ಹೊಗೆ, ಮೂರೂ ಕೂಡಿದ ವಾಸನೆ. ಜೊತೆಗಿದ್ದ ಮಗಳು ಸೆರಗನ್ನು ಮೂಗಿಗೆ ಹಿಡಿದಳು. ನಾನು ನಿಂತುಬಿಟ್ಟಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ತೋಳು ಮುಟ್ಟಿ, “ಏನಪ್ಪಾ, ತುಟಿ ಅಲ್ಲಾಡಿಸ್ತಿದ್ದೀಯಲ್ಲ?” ಎಂದಳು. ನಾನು ನಲವತ್ತೆರಡಕ್ಕೆ ಬಂದಿದ್ದೆ. ಅರವತ್ತರವರೆಗೆ ಎಣಿಸದೆ ಅಲ್ಲಿಂದ ಕದಲಲು ಆಗುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಅರವತ್ತು ಹನಿಗೆ ಒಂದು ಟ್ಯೂಬು. ಈ ಎಣಿಕೆ ಅರವತ್ತರ ದಶಕದ ಕೊನೆಯ ಒಂದು ವರ್ಷದ್ದು, ಶ್ರಾವಣದಿಂದ ಮಾಘದವರೆಗಿನ ಏಳು ತಿಂಗಳದ್ದು. ಅದನ್ನು ಕಂಡಷ್ಟೇ ಬರೆಯಲು ನೋಡುತ್ತೇನೆ. ಮರೆತದ್ದನ್ನು ಮರೆತೆ ಎಂದೇ ಹೇಳುತ್ತೇನೆ.

ನಾನು ಮುಳ್ಳೂರಿನ ಬೇಸಾಯದ ಮನೆಯವನು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಕೊಳ್ಳೇಗಾಲದ ಒಂದು ಸಣ್ಣ ಲ್ಯಾಬೊರೇಟರಿಯಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಲ್ಯಾಬೊರೇಟರಿ ಎಂದರೆ ನೂಲು ಬಿಚ್ಚುವವರ ಬೀದಿಯ ಹಿಂದಿನ ಒಂದು ಹೆಂಚಿನ ಮನೆ, ಮೂರು ಕೋಣೆ, ಆಗಾಗ ಹೋಗಿ ಬರುವ ಕರೆಂಟು. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ಕಮಲಾ. ಮೈಸೂರಿನವರು, ನಲವತ್ತರ ಆಸುಪಾಸು, ಕೈಗೆ ಗಂಡಸರ ದೊಡ್ಡ ವಾಚು ಕಟ್ಟುತ್ತಿದ್ದರು. ನೂಲು ಬಿಚ್ಚುವ ಹೆಂಗಸರಿಗೆ ಉಬ್ಬಸದ ಗೂರಲು ಯಾಕೆ ಹತ್ತುತ್ತದೆ, ಅದನ್ನು ಇಳಿಸುವುದು ಹೇಗೆ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಅವರು ಅಲ್ಲಿಗೆ ಬಂದಿದ್ದರು.

ಆ ಪ್ರಶ್ನೆ ನನ್ನದೂ ಆಗಿತ್ತು. ನನ್ನ ಅಕ್ಕ ಗೌರಮ್ಮನನ್ನು ಅದೇ ಬೀದಿಗೆ ಕೊಟ್ಟಿದ್ದರು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಡುಮನೆಯಲ್ಲೇ ಒಲೆ, ಒಲೆಯ ಮೇಲೆ ಗೂಡು ಬೇಯುವ ಬಾಣಲೆ, ಅದರಾಚೆ ಚರಕ. ಬಾವ ಚರಕ ತಿರುಗಿಸುತ್ತಿದ್ದರು. ಅಕ್ಕ ಕುದಿನೀರಿನಲ್ಲಿ ಗೂಡುಗಳನ್ನು ಸಣ್ಣ ಪೊರಕೆಯಿಂದ ಆಡಿಸಿ, ಎಳೆಯ ತುದಿ ಹುಡುಕಿ, ಓಡುವ ನೂಲಿಗೆ ಕೊಡುತ್ತಿದ್ದಳು. ಮದುವೆಯಾಗಿ ಮೂರನೇ ವರ್ಷಕ್ಕೆ ಕೆಮ್ಮು ಬಂತು. ಐದನೇ ವರ್ಷಕ್ಕೆ ಗೂರಲು. ನಾನು ಕೆಲಸಕ್ಕೆ ಸೇರಿದ ಶ್ರಾವಣದ ಹೊತ್ತಿಗೆ ಅವಳು ಮಲಗಿ ನಿದ್ದೆ ಮಾಡುವುದನ್ನೇ ಬಿಟ್ಟಿದ್ದಳು. ಗೋಡೆಗೆ ಒರಗಿ, ಮಡಿಲಲ್ಲಿ ದಿಂಬಿಟ್ಟುಕೊಂಡು ಕುಳಿತೇ ಇರುತ್ತಿದ್ದಳು.

ಮುಳ್ಳೂರಿಗೆ ಕರೆತಂದರೆ ಎಂಟು ದಿನದಲ್ಲಿ ಉಸಿರು ಸರಿಯಾಗುತ್ತಿತ್ತು. ಕೊಳ್ಳೇಗಾಲಕ್ಕೆ ಮರಳಿದ ಎರಡನೇ ದಿನ ಮತ್ತೆ ಅದೇ. ಬಾಣಲೆಯ ಮುಂದೆ ಕೂರದಿದ್ದರೂ ಹಬೆ ಮನೆಯಿಡೀ ತುಂಬುತ್ತಿತ್ತು.

“ಊರಲ್ಲೇ ಇದ್ಬುಡಕ್ಕ” ಎಂದೆ ಒಂದು ಸಲ, ಕೊಳ್ಳೇಗಾಲದ ಅವಳ ಮನೆಯಲ್ಲಿ ಕುಳಿತು.

“ಎಷ್ಟ್ ದಿನ ಇರ್ಲಾ?” ಎಂದಳು. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದಳು. “ಅಬ್ಬಕ್ಕೆ ಬಂದೋಳು... ಅಬ್ಬ ಮುಗುದ್ ಮೇಲೆ ಓಗ್ಬೇಕು. ನಿಮ್ ಬಾವಂಗೆ... ಅನ್ನ ಯಾರ್ ಬೇಯ್ಸಾರು? ನಾನ್ ಕಟ್ಕಂಡಿರದು... ಈ ಮನೆನೆ ಕಣ್ಲಾ.”

ಡಾಕ್ಟರ್ ಅವಳ ಎದೆಗೆ ಕೊಳವೆಯಿಟ್ಟು ಕೇಳಿ, ಹೊರಗೆ ಬಂದು ನನ್ನೊಬ್ಬನಿಗೇ ಹೇಳಿದರು. “ಈ ಮನೆಯಲ್ಲಿ ಹೀಗೇ ಇದ್ದರೆ ಎರಡು ವರ್ಷ, ಹೆಚ್ಚೆಂದರೆ ಮೂರು. ಮನೆ ಬಿಡೋದಿಲ್ಲ ಅಂತಾಳೆ. ಹಾಗಾದರೆ ಅವಳ ಮೈಗೇ ರೇಷ್ಮೆಯನ್ನು ಒಗ್ಗಿಸಬೇಕು. ಬೇರೆ ದಾರಿ ನನಗೆ ಗೊತ್ತಿಲ್ಲ.”

ಒಗ್ಗಿಸುವುದು ಎಂದರೆ ಇಷ್ಟು. ರೇಷ್ಮೆ ಎಳೆಯ ಸುತ್ತ ಒಂದು ಗೋಂದಿರುತ್ತದೆ. ಬಿಸಿನೀರಿನಲ್ಲಿ ಬಿಡುವುದು, ಹಬೆಯಲ್ಲಿ ಏಳುವುದು ಅದೇ. ಅದೊಂದು ಪ್ರೋಟೀನ್. ಇಡಿಯಾಗಿ ಚುಚ್ಚಿದರೆ ಇಂಥವರ ಪ್ರಾಣಕ್ಕೆ ಅಪಾಯ. ಆದರೆ ಟ್ರಿಪ್ಸಿನ್ ಎಂಬ ಜೀರ್ಣರಸ ಹಾಕಿ ಅದನ್ನು ಕತ್ತರಿಸಿದರೆ ಸಣ್ಣ ಸಣ್ಣ ತುಣುಕುಗಳಾಗುತ್ತವೆ. ಅವೇ ಪೆಪ್ಟೈಡ್‌ಗಳು. ತೀರ ಸಣ್ಣ ತುಣುಕು ಮೈಯನ್ನು ಕೆರಳಿಸುವುದಿಲ್ಲ, ಬದಲು ರೇಷ್ಮೆಯ ಗುರುತನ್ನು ಮೆಲ್ಲಗೆ ಹೇಳಿಕೊಟ್ಟು ಮೈಯನ್ನು ಸುಮ್ಮನಾಗಿಸುತ್ತದೆ ಎಂಬುದು ಡಾಕ್ಟರ ನಂಬಿಕೆ. ಕತ್ತರಿಸಿದ ಮೇಲೂ ಒಂದಿಷ್ಟು ದೊಡ್ಡ ತುಂಡು ಉಳಿದೇ ಉಳಿಯುತ್ತದೆ. ದೊಡ್ಡದನ್ನು ಪೂರ್ತಿ ಬೇರ್ಪಡಿಸಿ ಸಣ್ಣದನ್ನು ಮಾತ್ರ ತೆಗೆಯಬೇಕು. ಕೆಲಸವಿದ್ದದ್ದು ಅಲ್ಲಿ.

ಅದಕ್ಕೆ ನನ್ನ ಎದೆಯೆತ್ತರದ ಒಂದು ಗಾಜಿನ ಕೊಳವೆ. ಕಾಲಂ ಎನ್ನುತ್ತಿದ್ದೆವು. ಒಳಗೆ ನೀರುಂಡು ಉಬ್ಬಿದ ಸಣ್ಣ ಸಣ್ಣ ಜೆಲ್ ಮಣಿಗಳು. ಕತ್ತರಿಸಿದ ರಸವನ್ನು ಮೇಲೆ ಬಿಟ್ಟು, ಅಮೋನಿಯದ ಉಪ್ಪು ಕರಗಿಸಿದ ನೀರನ್ನು ಅದರ ಹಿಂದೆ ಹರಿಸುತ್ತಿದ್ದೆವು. ಆ ಉಪ್ಪು ಒಣಗಿಸಿದಾಗ ಹಾರಿಹೋಗುತ್ತದೆ, ಏನೂ ಉಳಿಸುವುದಿಲ್ಲ.

“ಸಂತೆ ಬೀದಿ ಅಂದುಕೋ” ಎಂದರು ಡಾಕ್ಟರ್, ನನಗೆ ಮೊದಲ ಸಲ ತೋರಿಸುವಾಗ. “ದೊಡ್ಡವರು ಬೀದಿ ನಡುವೆ ನೇರ ನಡೆದು ಬೇಗ ಆಚೆ ಹೋಗ್ತಾರೆ. ಮಕ್ಕಳು ಅಂಗಡಿ ಅಂಗಡಿಗೂ ನುಗ್ಗಿ ನಿಧಾನವಾಗಿ ಬರ್ತವೆ. ಮಣಿಯೊಳಗಿನ ತೂತುಗಳೇ ಅಂಗಡಿ. ದೊಡ್ಡ ತುಂಡು ಮೊದಲು ಇಳಿಯುತ್ತೆ, ಸಣ್ಣದು ಆಮೇಲೆ. ನಾವು ಕೆಳಗೆ ಟ್ಯೂಬು ಹಿಡಿದು ಯಾರು ಯಾವಾಗ ಬಂದರು ಅಂತ ಗುರುತು ಹಾಕ್ಕೋಬೇಕು, ಅಷ್ಟೆ.”

ಅಷ್ಟೇ ಎಂದದ್ದು ಅಷ್ಟೇ ಆಗಿರಲಿಲ್ಲ. ಟ್ಯೂಬು ಬದಲಿಸುವ ಯಂತ್ರ ಮದ್ರಾಸಿನಿಂದ ಬರಬೇಕಿತ್ತು, ಬರಲೇ ಇಲ್ಲ. ಕಾಲಮಿನ ಕೆಳಗೆ ಯಾರಾದರೂ ಬೆಳಗಿನಿಂದ ಸಂಜೆಯವರೆಗೆ ಕುಳಿತು, ಅರವತ್ತು ಹನಿ ಎಣಿಸಿ, ಟ್ಯೂಬು ತೆಗೆದು ಇನ್ನೊಂದು ಇಡಬೇಕು. ನಾನು ಮೇಲಿನ ನೀರು ನೋಡಿಕೊಳ್ಳಬೇಕು. ನೀರು ತೀರಿ ಮಣಿಗಳು ಒಣಗಿದರೆ ಕಾಲಂ ಬಿರುಕು ಬಿಟ್ಟು ಎಲ್ಲ ಹಾಳು. ಎಣಿಸುವವರು ಬೇಕೆಂದಾಗ ಹೆಸರು ಹೇಳಿದವನು ನಾನೇ. ಮುಳ್ಳೂರಿನ ಸಿದ್ದಪ್ಪ ತಾತ. ಕಣದಲ್ಲಿ ರಾಶಿ ಅಳೆಯುವವನು. ಇಡೀ ದಿನ ಕೊಳಗ ಎತ್ತಿ ಸುರಿದರೂ ಅವನ ಎಣಿಕೆ ತಪ್ಪಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಅವನು ಬಂದು ಡಾಕ್ಟರ ಮುಂದೆ ಕೈಕಟ್ಟಿ ನಿಂತ. ಅವರು ಕೇಳಿದರು: “ಏನೇನು ಅಳೆದಿದ್ದೀರಿ?”

“ರಾಗಿ, ಜ್ವಾಳ, ಬತ್ತ, ಅವ್ರೆ, ಎಲ್ಲಾನೂ ಅಳ್ದಿವ್ನಿ ಕನವ್ವಾ. ಅಳೀದೆ ಇರದು ನಮ್ಮೂರ್ ಪಟೇಲ್ರ ಮಾತೊಂದೆಯ. ಅದ್ಕೆ ಕೊಳ್ಗ ಸಾಲ್ದು.”

“ಇಲ್ಲಿ ನೀರಿನ ಹನಿ ಎಣಿಸಬೇಕು.”

ತಾತ ನನ್ನ ಕಡೆ ತಿರುಗಿದ. “ಅನಿ ಎಣ್ಸದ? ಏನ್ಲಾ ನಂಜುಂಡ, ಓದ್ದೋರ್ಗೆಲ್ಲ ಇಂಗೇ ಆಯ್ತದಾ?” ಎಂದು, ಮತ್ತೆ ಅವರಿಗೆ, “ಎಣುಸ್ತೀನಿ ಬುಡವ್ವ. ಮಳೆ ಬಂದಾಗ ಸೂರ್ನಲ್ಲಿ ಎಣ್ಸ್‌ತಿರ್ನಿಲ್ವಾ, ಅಂಗೆಯಾ” ಎಂದ. ಡಾಕ್ಟರ್ ನಕ್ಕರು. ಅವರು ನಗುತ್ತಿದ್ದದ್ದು ಕಡಿಮೆ.

ಆ ಆಶ್ವಯುಜದಲ್ಲಿ ಹಿಡಿದ ಮಳೆ ಬಿಡಲಿಲ್ಲ. ಸೌದೆ ಒದ್ದೆ, ಹೊಗೆ ನೆಲದಲ್ಲೇ ತೆವಳುತ್ತಿತ್ತು. ಚರ್ಮದ ಪರೀಕ್ಷೆಗೆ ತೋಳು ಒಡ್ಡಲು ಒಪ್ಪಿದ್ದವರು ಇಬ್ಬರು. ಒಬ್ಬಳು ನನ್ನ ಅಕ್ಕ, ಇನ್ನೊಬ್ಬಳು ಯಳಂದೂರಿನ ಕಡೆಯವಳು. ಆ ಯಳಂದೂರಿನಾಕೆ ಒಂದು ಮಧ್ಯಾಹ್ನ ಬಾಣಲೆಯ ಮುಂದೆ ಕುಳಿತಲ್ಲೇ ಮುಂದಕ್ಕೆ ಬಾಗಿದಳಂತೆ, ಮತ್ತೆ ಏಳಲಿಲ್ಲ. ಸುದ್ದಿ ತಂದ ಬಾವ ನಮ್ಮ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರು. ಹೋಗುವಾಗ, “ಬಾಮೈದ, ಬ್ಯಾಗ ಏನಾರ ಮಾಡ್ಲಾ” ಎಂದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಕಾರ್ತಿಕದಲ್ಲಿ ಮೊದಲ ಸಲ ಕಾಲಂ ಹರಿಸಿದೆವು. ಗೋಂದು ತೆಗೆದು ಸೋಸಿ, ಬೊಂಬಾಯಿಯಿಂದ ಬಂದಿದ್ದ ಟ್ರಿಪ್ಸಿನ್ ಹಾಕಿ, ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಹಿಂದಿನ ದಿನವೆಲ್ಲ ಇಟ್ಟಿದ್ದೆ. ತಾತ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು ಬಂದು ಕಾಲಮಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತ.

ಈಗ ಬರೆಯುವುದನ್ನು ನಾನು ಕಣ್ಣಾರೆ ಕಂಡೆ. ಮೇಲಿನ ಬಾಟಲಿ ಹಿಡಿದು ಮೂರಡಿ ದೂರದಲ್ಲಿ ನಿಂತಿದ್ದೆ. ಮೊದಲ ಟ್ಯೂಬಿಗೆ ಅರವತ್ತು ಹನಿ ತುಂಬಿತು. ತಾತ ಅದಕ್ಕೆ ಬಿರಡೆ ಹಾಕಿ, ಹಣೆಯ ವಿಭೂತಿಯನ್ನೇ ಬೆರಳಿಗೆ ತಗುಲಿಸಿಕೊಂಡು ಗಾಜಿನ ಮೇಲೆ ಮೂರು ಗೆರೆ ಎಳೆದು, “ಲಾಭ” ಎಂದು ಗೋಡೆಯ ದೀಪದ ಮಾಡದಲ್ಲಿ ಇಟ್ಟ. ಮುಂದಿನ ಟ್ಯೂಬು ತುಂಬಿದ ಮೇಲೆ ಮೇಣದ ಪೆನ್ಸಿಲಿನಿಂದ ಅದರ ಮೇಲೆ ಒಂದು ಎಂದು ಬರೆದ.

ಕೆಲವು ಊರುಗಳಲ್ಲಿ ಲಾಭವೇ ಒಂದು, ಅದರ ಮೇಲೆ ಎರಡು ಎನ್ನುತ್ತಾರೆ. ನಮ್ಮ ಕಣದಲ್ಲಿ ಹಾಗಲ್ಲ. ಮೊದಲ ಕೊಳಗವನ್ನು ಲಾಭ ಎಂದು ಮಾದಪ್ಪನ ಪಾಲಿಗೆ ಪಕ್ಕಕ್ಕೆ ಸುರಿದು, ಎರಡನೆಯದನ್ನು ಎತ್ತುವಾಗ ಒಂದು ಎನ್ನುವುದು. ದೇವರ ಪಾಲು ಎಣಿಕೆಗೆ ಸೇರುವುದಿಲ್ಲ. ಮೈಸೂರಿನಲ್ಲಿ ಬೆಳೆದ ಡಾಕ್ಟರ್ ಅದನ್ನು ಕಂಡಿದ್ದರೆ ಇದೇನು ಎಂದು ಕೇಳುತ್ತಿದ್ದರು. ಅವರು ಒಳಕೋಣೆಯಲ್ಲಿದ್ದರು. ನಾನು ಕೇಳಲಿಲ್ಲ. ನಾನು ತೊಟ್ಟಿಲಿನಿಂದ ಕಂಡ ಕ್ರಮ ಅದು. ಕಣದಲ್ಲಿ ಮೊದಲ ಕೊಳಗ ಪಕ್ಕಕ್ಕೆ ಹೋದರೆ ಯಾರು ತಿರುಗಿ ನೋಡುತ್ತಾರೆ?

ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಲವತ್ತು ಟ್ಯೂಬುಗಳಿದ್ದವು. ಒಂದೊಂದರಿಂದಲೂ ಒಂದು ಹನಿ ಕಾಗದದ ಮೇಲಿಟ್ಟು, ಒಣಗಿಸಿ, ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿದೆವು. ಪೆಪ್ಟೈಡ್ ಇದ್ದಲ್ಲಿ ನೇರಳೆ ಬಣ್ಣ ಏಳುತ್ತದೆ. ಎರಡು ಕಡೆ ದಟ್ಟವಾಗಿ ಎದ್ದಿತು, ನಡುವೆ ಇಪ್ಪತ್ತಮೂರರ ಹತ್ತಿರ ತೆಳುವಾಗಿ. ನನ್ನ ಬೆರಳುಗಳೂ ವಾರವೆಲ್ಲ ನೇರಳೆಯಾಗಿದ್ದವು. “ನ್ಯಾರ್ಲೆ ಅಣ್ಣು ಕದ್ದು ಸಿಕ್ಬಿದ್ದವ್ನಂಗೆ ಇದ್ದೀಯ” ಎಂದು ಅಕ್ಕ ಅಣಕಿಸಿದಳು.

ಆಮೇಲೆ ಅವಳ ತೋಳು. ಒಂದು ದಿನಕ್ಕೆ ಆರು ಟ್ಯೂಬು. ಆ ದಿನಗಳಲ್ಲಿ ಗೂರಲಿನ ಮಾತ್ರೆ ನುಂಗುವಂತಿಲ್ಲ, ನುಂಗಿದರೆ ಚರ್ಮ ನಿಜ ಹೇಳುವುದಿಲ್ಲ. ಮಾತ್ರೆಯಿಲ್ಲದೆ ಅವಳು ಕಳೆದ ಆ ವಾರವನ್ನು ನಾನು ವಿವರಿಸುವುದಿಲ್ಲ. ಡಾಕ್ಟರ್ ಒಂದು ಹನಿಯಿಟ್ಟು ಸೂಜಿಯ ಮೊನೆಯಿಂದ ಮೆಲ್ಲಗೆ ಗೀಚುತ್ತಿದ್ದರು. ಕಾಲು ಗಂಟೆ ಕಾಯುವುದು. ಹದಿನೈದರಲ್ಲಿ ಕಡಲೆಯಷ್ಟು ದಪ್ಪ ದದ್ದು. ಇಪ್ಪತ್ತೆರಡರಲ್ಲಿ ಅವರೆಕಾಳಿನ ಅರ್ಧದಷ್ಟು. ಇಪ್ಪತ್ತಮೂರರಲ್ಲಿ ರಾಗಿಕಾಳಿನಷ್ಟು. ಇಪ್ಪತ್ತನಾಲ್ಕರಲ್ಲಿ ಏನೂ ಏಳಲಿಲ್ಲ. ಇಪ್ಪತ್ತೈದು, ಇಪ್ಪತ್ತಾರು, ಮೂವತ್ತು, ಏನೂ ಇಲ್ಲ. ಡಾಕ್ಟರ್ ಇಪ್ಪತ್ತನಾಲ್ಕನೆಯದನ್ನು ಇಡೀ ಗೋಂದಿನ ರಸಕ್ಕೆ ಬೆರೆಸಿ ಗೀಚಿ ನೋಡಿದರು. ಏಳಬೇಕಿದ್ದ ದದ್ದು ಅರ್ಧಕ್ಕೆ ಅರ್ಧ ಕುಗ್ಗಿತ್ತು.

ಅವರು ಅಕ್ಕನ ತೋಳನ್ನು ಹಿಡಿದುಕೊಂಡೇ, “ಇಪ್ಪತ್ತನಾಲ್ಕರಿಂದ ಆಚೆ, ಗೌರಮ್ಮ. ಇಪ್ಪತ್ತನಾಲ್ಕರಿಂದ ಆಚೆ ನಿನ್ನ ಔಷಧಿ ಇದೆ” ಎಂದರು.

“ನಮ್ ಸಿದ್ದಪ್ಪ ತಾತ ಅಳ್ದದ್ದು ಅಂದ್ರೆ ಸುಮ್ನಾ?” ಎಂದಳು ಅಕ್ಕ.

ಪರೀಕ್ಷೆಗೇ ಆ ಟ್ಯೂಬುಗಳೆಲ್ಲ ಮುಗಿದಿದ್ದವು. ಚುಚ್ಚುಮದ್ದಿಗೆ ಮತ್ತೆ ಹೆಚ್ಚು ರಸ ಹಾಕಿ ಕಾಲಂ ಹರಿಸಬೇಕಿತ್ತು. ಅಷ್ಟರಲ್ಲಿ ಪುಷ್ಯ ಬಂತು, ಕೊಯ್ಲು ಮುಗಿದು ಕಣಗಳು ತುಂಬಿದವು. ತಾತ, “ಕಣ ಕಾಯ್ತದೆ ಕನವ್ವಾ, ಈ ಕಾಲ್ದಲ್ಲಿ ನಾನಿಲ್ದೆ ಆಗಕಿಲ್ಲ” ಎಂದು ಊರಿಗೆ ಹೋದ. ಹಿಂದೆಯೇ ಚಳಿ ಬಿತ್ತು. ಅಕ್ಕನಿಗೆ ವಾರಕ್ಕೆ ಮೂರು ಸಲ, ನಾಲ್ಕು ಸಲ ಗೂರಲು ಏಳತೊಡಗಿತು. ಉಗುರಿನ ಬುಡ ನೀಲಿಯಾಗುವುದನ್ನು ನಾನು ಆಗ ಕಂಡೆ. ತಾತ ಬರುವವರೆಗೆ ಕಾಯೋಣ ಎಂದರು ಡಾಕ್ಟರ್. ಕಾಯುವುದು ಬೇಡ, ನಾನೇ ಎಣಿಸುತ್ತೇನೆ ಎಂದೆ.

ನಾನೇ ಎಣಿಸಿದೆ. ನೀರನ್ನೂ ನೋಡಿಕೊಂಡು, ಹನಿಯನ್ನೂ ಎಣಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಎದ್ದೇಳಲಿಲ್ಲ. ಒಂದು ಹನಿಯೂ ತಪ್ಪಲಿಲ್ಲ. ಕಾಲೇಜಿನಲ್ಲಿ ಕಲಿಸಿದಂತೆ, ಮೊದಲು ತುಂಬಿದ ಟ್ಯೂಬಿನ ಮೇಲೆ ಒಂದು ಎಂದು ಬರೆದೆ. ನನ್ನ ತಲೆಯಲ್ಲಿ ಎರಡು ಎಣಿಕೆಗಳಿದ್ದವು, ಕಣದ್ದೊಂದು, ಕಾಲೇಜಿನದೊಂದು. ಅವು ಎಂದೂ ಎದುರುಬದುರಾಗಿರಲಿಲ್ಲ.

ಬಣ್ಣದ ಪರೀಕ್ಷೆಗೆ ನಿನ್‌ಹೈಡ್ರಿನ್ ಉಳಿದಿರಲಿಲ್ಲ, ತರಿಸಲು ತಿಂಗಳಾಗುತ್ತಿತ್ತು. ಅದೇ ಕಾಲಂ, ಅದೇ ನೀರು, ಅದೇ ಅರವತ್ತು ಹನಿ. ಹಾಗಿದ್ದ ಮೇಲೆ ಅದೇ ನಂಬರು.

“ಹೋದ ಸಲದ ಹಾಗೇ ಎಣಿಸಿದ್ದೀಯಲ್ಲ, ನಂಜುಂಡ?” ಎಂದು ಡಾಕ್ಟರ್ ಕೇಳಿದರು.

“ಹೂಂ, ಮೇಡಂ” ಎಂದೆ.

ಹೀಗೆ ಹೇಳುವಾಗ ಮಾಡದಲ್ಲಿದ್ದ ಟ್ಯೂಬು ನನ್ನ ಎಡಭುಜದ ನೇರಕ್ಕಿತ್ತು. ಕತ್ತು ತಿರುಗಿಸಿದ್ದರೆ ಕಾಣುತ್ತಿತ್ತು. ಕಾಣುತ್ತಲೂ ಇತ್ತು, ದಿನಾ ನೋಡುವ ದೀಪದ ಹಾಗೆ.

ಇಪ್ಪತ್ತನಾಲ್ಕರಿಂದ ಇಪ್ಪತ್ತೇಳರವರೆಗಿನ ನಾಲ್ಕು ಟ್ಯೂಬುಗಳನ್ನು ಕೂಡಿಸಿ, ಒಣಗಿಸಿ, ಸ್ವಲ್ಪವೇ ನೀರಿನಲ್ಲಿ ಕರಗಿಸಿದೆವು. ಉಳಿದವು ಐಸ್ ಪೆಟ್ಟಿಗೆಯಲ್ಲಿದ್ದವು. ಮರುದಿನ ಬೆಳಿಗ್ಗೆ ಅಕ್ಕ ಬಂದಳು. ಬಾವ ಗೂಡು ತರಲು ಹನೂರಿನ ಕಡೆ ಹೋಗಿದ್ದರು. ಡಾಕ್ಟರ್ ಮೊದಲು ತೋಳಿನ ಮೇಲೆ ಗೀಚಿ ನೋಡಿದರು. ಕಾಲು ಗಂಟೆಗೆ ಒಂದು ಸಣ್ಣ ಕೆಂಪು ಮೂಡಿತು, ದದ್ದಲ್ಲ, ಬರೀ ಕೆಂಪು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇವತ್ತು ಬೇಡ ಅನ್ನಿಸುತ್ತೆ” ಎಂದರು.

“ಕೆರ್ಕಂಡಿದ್ದೆ ಕನವ್ವಾ, ಅದ್ಕೆ ಕೆಂಪಗಾಗದೆ” ಎಂದಳು ಅಕ್ಕ. “ಆಕ್ಬುಡಿ. ಇನ್ನೊಂದ್ ಇಂತ ಚಳೀನ ನಾನ್ ತಡ್ಯಕಿಲ್ಲ.”

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಬೆಳಗಿನ ಜಾವ ಉಸಿರು ಕಟ್ಟಿದಾಗ ಅಕ್ಕ ಎರಡು ಮಾತ್ರೆ ನುಂಗಿದ್ದಳು. ಅದನ್ನು ಅವಳು ಹೇಳಿದ್ದು ಆಮೇಲೆ.

ಸೂಜಿ ತೆಗೆದು ಎರಡು ನಿಮಿಷ ಆಗಿರಲಿಲ್ಲ. ಅಂಗೈ ತುರಿಸುತ್ತದೆ ಎಂದಳು. ನಾಲಿಗೆ ದಪ್ಪವಾಯಿತು ಎಂದಳು, ಆ ಮಾತೇ ತೊದಲಿತು. ತುಟಿ ಊದಿ, ಕುತ್ತಿಗೆಯ ನರ ಎದ್ದು, ಬೆಂಚಿನಿಂದ ಜಾರಿ ಕೆಳಗೆ ಕುಳಿತಳು. ಡಾಕ್ಟರ್ ಮೊದಲೇ ತುಂಬಿಟ್ಟಿದ್ದ ಅಡ್ರಿನಾಲಿನ್ ಚುಚ್ಚಿದರು. ನಾನು ಬೆನ್ನ ಹಿಂದೆ ಕುಳಿತು ಅವಳನ್ನು ಎತ್ತಿ ಹಿಡಿದಿದ್ದೆ. ಅವಳ ಬೆನ್ನು ನನ್ನ ಎದೆಗೆ ಒತ್ತಿತ್ತು, ಒಳಗೆ ಗಾಳಿಗಾಗಿ ನಡೆಯುತ್ತಿದ್ದ ಒದ್ದಾಟ ನನ್ನ ಪಕ್ಕೆಗೆ ತಾಗುತ್ತಿತ್ತು. ಒಂದು ಗಳಿಗೆ ಅದೂ ನಿಂತಿತು. ಡಾಕ್ಟರ್ ಎರಡನೇ ಸಲ ಚುಚ್ಚಿದರು. ಅವರ ವಾಚಿನ ಸದ್ದು ನನಗೆ ಕೇಳುತ್ತಿತ್ತು. ನಾನು ಎಣಿಸುತ್ತಿದ್ದೆ. ಹದಿನೇಳಕ್ಕೆ ಅಕ್ಕ ಒಂದು ಉಸಿರು ಎಳೆದುಕೊಂಡಳು. ಹರಿದ ತಿದಿಯ ಸದ್ದು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಳು.

ಡಾಕ್ಟರ್ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಹೊರಬಂದು, “ನನ್ನ ಊಹೆಯೇ ತಪ್ಪು. ಸಣ್ಣ ತುಣುಕೂ ಕೊಲ್ಲುತ್ತೆ. ಮುಗೀತು” ಎಂದರು. ಲ್ಯಾಬೊರೇಟರಿ ಮುಚ್ಚುವುದಾಗಿ ಮೈಸೂರಿಗೆ ಬರೆದರು.

ಹತ್ತು ದಿನ ಕಳೆದು, ಮಾಘದ ಮೊದಲಲ್ಲಿ, ಸಿದ್ದಪ್ಪ ತಾತ ಬಂದ. ಒಂದು ಚೀಲ ಅವರೆಕಾಯಿ ತಂದಿದ್ದ. ನಡೆದದ್ದನ್ನು ಕೇಳಿ ಚೀಲ ಕೆಳಗಿಟ್ಟ. ಆಮೇಲೆ, ಐಸ್ ಪೆಟ್ಟಿಗೆಯಿಂದ ನಾನು ಆಗಷ್ಟೇ ತೆಗೆದು ಹೊರಗಿಟ್ಟಿದ್ದ ಸ್ಟ್ಯಾಂಡನ್ನು ನೋಡಿದ. ಮಾಡದ ಕಡೆ ನೋಡಿದ. ಮತ್ತೆ ಸ್ಟ್ಯಾಂಡನ್ನು ನೋಡಿದ.

“ಇದರ್ದು ಲಾಭ ಎಲ್ಲಿಟ್ಟಿದ್ದೀಯಪ್ಪ?”

“ಯಾವ ಲಾಭ ತಾತ?”

“ನಾನ್ ತಗ್ದುದ್ದು ಅಲ್ಲೇ ಅದೆ. ನಿಂದ್ ಎಲ್ಲಿ? ತಗೀಲೇ ಇಲ್ವಾ?” ಅವನ ದನಿಯಲ್ಲಿ ಆಕ್ಷೇಪಣೆಯಿತ್ತು. “ದೇವ್ರ್ ಪಾಲ್ ತಗೀದೆ ಎಂಗ್ಲಾ ಅಳುದ್ಬುಟ್ಟೆ?”

ನಾನು ಕತ್ತು ತಿರುಗಿಸಿ ಮಾಡವನ್ನು ನೋಡಿದೆ. ಅವನ ಸ್ಟ್ಯಾಂಡಿನಲ್ಲಿ ನಲವತ್ತು, ಮಾಡದಲ್ಲಿ ಒಂದು. ನನ್ನ ಸ್ಟ್ಯಾಂಡಿನಲ್ಲಿ ಬರೀ ನಲವತ್ತು. ಅವನು ಇಪ್ಪತ್ತನಾಲ್ಕು ಎಂದು ಬರೆದದ್ದು ನಿಜವಾಗಿ ಇಪ್ಪತ್ತೈದನೆಯದು. ನಾನು ಇಪ್ಪತ್ತನಾಲ್ಕು ಎಂದು ಬರೆದದ್ದು ಅವನ ಇಪ್ಪತ್ತಮೂರು. ರಾಗಿಕಾಳಿನಷ್ಟು ದದ್ದು ಎದ್ದಿದ್ದ ಟ್ಯೂಬು. ದೊಡ್ಡ ತುಂಡುಗಳ ಬಾಲ ಅದರಲ್ಲಿತ್ತು. ರಸ ಹೆಚ್ಚು ಹಾಕಿದ್ದೆವು, ಒಣಗಿಸಿ ಗಟ್ಟಿಮಾಡಿದ್ದೆವು. ಅದನ್ನೇ ಅಕ್ಕನಿಗೆ ಚುಚ್ಚಿಸಿದ್ದೆ.

ಡಾಕ್ಟರಿಗೆ ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಅವರು ಬೈಯಲಿಲ್ಲ. ಕಾಗದದ ಮೇಲೆ ಎರಡು ಸಾಲು ನಂಬರು ಬರೆದು ಒಂದರ ಕೆಳಗೆ ಒಂದನ್ನು ಸರಿ ಹೊಂದಿಸಿ ಬಹಳ ಹೊತ್ತು ನೋಡಿದರು.

“ಹಾಗಾದರೆ ಊಹೆ ತಪ್ಪಿಲ್ಲ” ಎಂದರು ಮೆಲ್ಲಗೆ. “ಇಪ್ಪತ್ತೆಂಟರಿಂದ ಮೂವತ್ತೆರಡು ಇನ್ನೂ ಹಾಗೇ ಇವೆ. ಅವು ಶುದ್ಧ ಸಣ್ಣ ತುಣುಕು. ಬಹಳ ತೆಳು ಮಾಡಿ ಶುರುಮಾಡಿದರೆ ನಾಲ್ಕು ತಿಂಗಳಿಗೆ ಸಾಕು.”

ಆ ಮಧ್ಯಾಹ್ನವೇ ಅಕ್ಕನ ಮನೆಗೆ ಹೋದೆವು. ಐದು ಟ್ಯೂಬುಗಳೂ ಐಸಿನ ಡಬ್ಬಿಯಲ್ಲಿದ್ದವು, ಡಬ್ಬಿ ನನ್ನ ಕೈಯಲ್ಲಿತ್ತು. ಬಾವ ಚರಕ ನಿಲ್ಲಿಸಿದರು. ಅಕ್ಕ ಗೋಡೆಗೆ ಒರಗಿದ್ದಳು. ಡಾಕ್ಟರ್ ನೆಲದ ಮೇಲೆ ಕುಳಿತು, ತಪ್ಪು ಎಲ್ಲಾಯಿತು, ಈಗ ಏನು ಮಾಡಬಹುದು ಎಂದು ಮುಚ್ಚಿಡದೆ ಹೇಳಿದರು.

“ಅಂದ್ರೆ ತಾತಂದೂ ಸರಿ, ಇವಂದೂ ಸರಿ” ಎಂದಳು ಅಕ್ಕ. “ಮದ್ಯದಲ್ಲಿ... ನನ್ ಉಸ್ರು ಓಯ್ತಿತ್ತು.” ಅವಳು ನಕ್ಕಳೆಂದೇ ನನ್ನ ನೆನಪು. ಆಮೇಲೆ ರವಿಕೆಯ ತೋಳು ಮೇಲಕ್ಕೆ ಸರಿಸಿ ಕೈ ಚಾಚಿದಳು. “ಆಕಿ.”

ಡಾಕ್ಟರ್ ತಕ್ಷಣ ಸೂಜಿ ತೆಗೆಯಲಿಲ್ಲ. “ಈಗ ಇವಳು ದಿನಾ ಮಾತ್ರೆಯ ಮೇಲಿದ್ದಾಳೆ, ಒಂದು ದಿನ ಬಿಟ್ಟರೂ ಉಳಿಯೋದಿಲ್ಲ. ಗೀಚಿ ನೋಡಿದರೆ ಚರ್ಮ ನಿಜ ಹೇಳೋದಿಲ್ಲ” ಎಂದು ನನ್ನ ಕಡೆ ತಿರುಗಿದರು. “ನಮ್ಮ ಕೈಯಲ್ಲಿ ಇರೋದು ನಿನ್ನ ಎಣಿಕೆ ಒಂದೇ. ನಂಜುಂಡ, ಇಪ್ಪತ್ತೆಂಟು ಇಪ್ಪತ್ತೆಂಟೇ ತಾನೆ?”

ಇಪ್ಪತ್ತೆಂಟೇ ಆಗಿತ್ತು. ಒಂದು ಹನಿಯೂ ತಪ್ಪಿರಲಿಲ್ಲ. ನನಗೆ ಅದು ಗೊತ್ತಿತ್ತು, ಈಗ ಗೊತ್ತಿರುವಷ್ಟೇ ಚೆನ್ನಾಗಿ. ಹೂಂ ಎನ್ನಬೇಕಿತ್ತು. ನನ್ನ ಎದೆಗೆ ಅವಳ ಬೆನ್ನು ಒತ್ತಿದ್ದು, ಒಳಗಿನ ಒದ್ದಾಟ ನಿಂತದ್ದು, ಅದು ಮತ್ತೆ ಬಂತು. ಬಾಯಿ ತೆರೆದೆ.

“ಯೋಳ್ಲಾ ಬಾಮೈದ” ಎಂದರು ಬಾವ.

ಒಲೆಯ ಮೇಲೆ ಬಾಣಲೆ ಕುದಿಯುತ್ತಿತ್ತು. ಅಕ್ಕನ ಕೈ ಚಾಚಿದ ಹಾಗೇ ಇತ್ತು, ಹಳೆಯ ಗೀಚಿನ ಕಲೆಗಳು ಅದರ ಮೇಲೆ ಸಾಲಾಗಿದ್ದವು. ಡಾಕ್ಟರ್ ಇನ್ನೊಂದು ಸಲ ಕೇಳಿದರು. ನನಗೆ ಹೇಳಲಾಗಲಿಲ್ಲ. ಕೊನೆಗೆ ಅಕ್ಕನೇ ತೋಳು ಕೆಳಗೆ ಎಳೆದುಕೊಂಡಳು.

“ಬುಡಿ ಅವ್ವಾ” ಎಂದಳು. “ಅವ್ನ್‌ಗೆ ಬಾಯ್ ಬರಕಿಲ್ಲ.”

ಯುಗಾದಿಗೆ ಮುಂಚೆ ಲ್ಯಾಬೊರೇಟರಿ ಮುಚ್ಚಿತು. ಡಾಕ್ಟರ್ ಆ ಐದರಲ್ಲಿ ಇಪ್ಪತ್ತೆಂಟನೆಯದನ್ನು ಮೈಸೂರಿಗೆ ಒಯ್ದರು. ನಾಲ್ಕನ್ನು ನಾನು ಮುಳ್ಳೂರಿನಲ್ಲಿ ಬಾವಿಯ ತಂಪಿನಲ್ಲಿ ಇಳಿಬಿಟ್ಟಿದ್ದೆ. ಬೇಸಗೆಗೆ ಅವು ಕೆಟ್ಟು ಬಿಳಿ ಬೂಷ್ಟು ಕಟ್ಟಿತು. ಮನೆ ಖಾಲಿ ಮಾಡುವ ದಿನ ಮಾಡದ ಟ್ಯೂಬನ್ನು ತೆಗೆದು ನೋಡಿದೆ. ಬಿರಡೆ ಸಡಿಲವಾಗಿ ನೀರು ಆರಿಹೋಗಿತ್ತು. ಕಾಲಮಿನ ಮೊದಲ ಹನಿಗಳಲ್ಲಿ ಏನೂ ಇರುವುದಿಲ್ಲ, ಉಪ್ಪೂ ಹಾರಿಹೋಗುತ್ತದೆ. ವಿಭೂತಿಯ ಮೂರು ಗೆರೆ ಹೊರಗೆ, ಒಳಗೆ ಬರೀ ಗಾಜು.

ಆಷಾಢದಲ್ಲಿ ಡಾಕ್ಟರ ಕಾಗದ ಬಂತು. ಮೈಸೂರಿನಲ್ಲಿ ಇಂಥದೇ ಗೂರಲಿನ ಒಬ್ಬ ಹೆಂಗಸು, ಮಾತ್ರೆ ಬಿಟ್ಟು ಪರೀಕ್ಷೆಗೆ ಒಪ್ಪಿದ್ದಳಂತೆ. ಇಪ್ಪತ್ತೆಂಟನೆಯದರಿಂದ ಏನೂ ಏಳಲಿಲ್ಲ. ನಿನ್ನ ಎಣಿಕೆ ಸರಿಯಿತ್ತು ಎಂದು ಬರೆದಿದ್ದರು. ಆ ಹೆಂಗಸಿಗೆ ಚುಚ್ಚುಮದ್ದು ಶುರುಮಾಡುವಷ್ಟು ಅದರಲ್ಲಿ ಉಳಿದಿಲ್ಲ ಎಂದೂ ಬರೆದಿದ್ದರು.

ನಾನು ಆ ಕಾಗದ ಹಿಡಿದು ಅಕ್ಕನ ಮನೆಗೆ ಹೋದೆ. ಯಾಕೆ ಹೋದೆ ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅವಳು ಮತ್ತೆ ಬಾಣಲೆಯ ಮುಂದೆ ಕುಳಿತಿದ್ದಳು. ಓದಿ ಹೇಳಿದೆ. ಪೊರಕೆ ಆಡಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದಳು.

“ಈಗ ಆ ಔಸ್ದಿ ಎಲ್ಲದೆ?”

“ಇಲ್ಲಕ್ಕ. ಮುಗೀತು.”

“ಮತ್ಯಾಕ್ಲಾ ಓದ್ದೆ?” ಎಂದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಆಮೇಲೆ ಬಿಸಿನೀರಿಗೆ ಕೈ ಹಾಕಿ ಮತ್ತೆ ಎಳೆಯ ತುದಿ ಹುಡುಕತೊಡಗಿದಳು.